ಹಳೇ ರಾಕ್ ಬ್ಯಾಂಡಿಗೆ ಹೊಸ ಪ್ರೊಡ್ಯೂಸರ್ ಹುಡುಕುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಬ್ಯಾಂಡಿನ ಮೂರನೇ ಆಲ್ಬಂಗೆ ಪ್ರೊಡ್ಯೂಸರ್ ಯಾರು ಅನ್ನುವುದು ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ತೀರ್ಮಾನವಾಗಿತ್ತು. ಗಿಟಾರಿಸ್ಟ್ ಫೋನಿನಲ್ಲಿ ಒಂದು ಹಾಡು ಕೇಳಿಸಿದ. "ಇದನ್ನ ಮಾಡಿದವರು ನಮಗೂ ಮಾಡಿಕೊಡ್ತಾರಂತೆ ಮಗಾ" ಅಂದ. ಸೌಂಡ್ ಚೆನ್ನಾಗಿತ್ತು. ರೇಟೂ ಕೈಗೆಟುಕುವಂತಿತ್ತು. ಎಲ್ಲರೂ ತಲೆ ಆಡಿಸಿದೆವು. ಆರು ತಿಂಗಳ ನಂತರ ಮಿಕ್ಸ್ ಬಂತು. ಡ್ರಮ್ಮರ್ ಎರಡು ಸಲ ಕೇಳಿದ. ಹೆಡ್‌ಫೋನ್ ತೆಗೆದಿಟ್ಟು, "ಇದರಲ್ಲಿ ನಾನೆಲ್ಲಿದ್ದೀನಿ?" ಅಂದ.

ಅವನು ಬಾರಿಸಿದ ಕಿಕ್, ಸ್ನೇರ್ ಡ್ರಮ್ ಎಲ್ಲದರ ಮೇಲೂ ಕಂಪ್ಯೂಟರಿನ ಸ್ಯಾಂಪಲ್, ಅಂದರೆ ಮೊದಲೇ ಮುದ್ರಿಸಿಟ್ಟ ಸದ್ದು, ಕೂರಿಸಿದ್ದರು. ಒಂದೊಂದು ಏಟೂ ಗೆರೆ ಎಳೆದ ಹಾಗೆ ಸಮ. ಹದಿನಾರು ವರ್ಷ ನಮ್ಮ ಜೊತೆ ಬಾರಿಸಿದವನ ಕೈ ಅಲ್ಲಿ ಇರಲೇ ಇಲ್ಲ. ಪ್ರೊಡ್ಯೂಸರನ್ನು ಬೈದು ಪ್ರಯೋಜನವಿರಲಿಲ್ಲ. ಅವರು ಯಾವ ಥರದ ಕೆಲಸ ಮಾಡುತ್ತಾರೋ ಅದನ್ನೇ ಮಾಡಿದ್ದರು. ನಮಗೆ ಬೇಕಿದ್ದ ಕೆಲಸ ಯಾವುದು ಅಂತ ನಾವೇ ಯೋಚಿಸಿರಲಿಲ್ಲ.

ಹೊಸ ಬ್ಯಾಂಡಿಗೆ ಪ್ರೊಡ್ಯೂಸರ್ ಬೇಕಾಗುವುದು ತನ್ನ ಸೌಂಡ್ ಕಂಡುಕೊಳ್ಳೋದಕ್ಕೆ. ಹದಿನೈದು ಇಪ್ಪತ್ತು ವರ್ಷ ಆದ ಬ್ಯಾಂಡಿನ ಕಥೆ ಬೇರೆ. ಅದಕ್ಕೆ ಸೌಂಡ್ ಇದೆ, ಅಭ್ಯಾಸಗಳಿವೆ, ಹಳೇ ಜಗಳಗಳಿವೆ. ಒಬ್ಬರಿಗೊಬ್ಬರು ಹೇಳದೇ ಬಿಟ್ಟ ಮಾತುಗಳಂತೂ ರಾಶಿ ಇರುತ್ತವೆ. ಅಂಥ ಬ್ಯಾಂಡಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆ ಜಾಸ್ತಿ ಇಂಗ್ಲೆಂಡ್, ಅಮೆರಿಕದ ದೊಡ್ಡ ಬ್ಯಾಂಡುಗಳದ್ದು, ಯಾಕೆಂದರೆ ಅವರ ಜಗಳ, ಎಡವಟ್ಟು ಎಲ್ಲವೂ ಬಹಿರಂಗ.

ಶುರುವಿಗೆ ಮುಂಚೆ ಒಂದು ಗೊಂದಲ

ನಮ್ಮಲ್ಲಿ ಪ್ರೊಡ್ಯೂಸರ್ ಅಂದರೆ ನಿರ್ಮಾಪಕ, ಅಂದರೆ ದುಡ್ಡು ಹಾಕುವವರು. ನಮ್ಮಮ್ಮ ಇವತ್ತಿಗೂ "ಅವರು ಎಷ್ಟು ಹಾಕ್ತಿದ್ದಾರಂತೆ?" ಅಂತಲೇ ಕೇಳುತ್ತಾರೆ. ರಾಕ್ ಆಲ್ಬಂನ ಪ್ರೊಡ್ಯೂಸರ್ ದುಡ್ಡು ಹಾಕುವುದಿಲ್ಲ, ತೆಗೆದುಕೊಳ್ಳುತ್ತಾರೆ. ಸಿನಿಮಾಗೆ ಹೋಲಿಸಿದರೆ ಅವರದು ನಿರ್ದೇಶಕರ ಕೆಲಸ. ಯಾವ ಹಾಡು ಇರಬೇಕು, ಎಷ್ಟು ಉದ್ದ ಇರಬೇಕು, ಯಾವ ಟೇಕ್ (ಒಂದು ಸಲ ನುಡಿಸಿ ರೆಕಾರ್ಡ್ ಮಾಡಿದ್ದು) ಸಾಕು, ಎಲ್ಲಿ ನಿಲ್ಲಿಸಬೇಕು ಅಂತ ಹೇಳುವವರು ಅವರು. ಮೈಕ್ ಇಟ್ಟು ರೆಕಾರ್ಡ್ ಮಾಡುವವರು ಎಂಜಿನಿಯರ್. ಎಲ್ಲ ಟ್ರ್ಯಾಕ್ ಸೇರಿಸಿ ಹದ ಮಾಡುವುದು ಮಿಕ್ಸಿಂಗ್. ಕೊನೆಗೆ ಇಡೀ ಆಲ್ಬಂ ಒಂದೇ ಅಳತೆಗೆ ತರುವುದು ಮಾಸ್ಟರಿಂಗ್. ನಮ್ಮೂರಿನಲ್ಲಿ ಬಹಳ ಸಲ ನಾಲ್ಕನ್ನೂ ಒಬ್ಬರೇ ಮಾಡುತ್ತಾರೆ. ತಪ್ಪೇನಲ್ಲ. ಆದರೆ ನೀವು ಯಾವ ಕೆಲಸಕ್ಕೆ ಎಷ್ಟು ಕೊಡುತ್ತಿದ್ದೀರಿ ಅಂತ ಬಿಡಿಬಿಡಿಯಾಗಿ ತಿಳಿದಿರಲಿ.

ಹೆಜ್ಜೆ 1: ಕಾಯಿಲೆ ಏನು ಅಂತ ಬರೆದುಕೊಳ್ಳಿ

ಇದಕ್ಕೆ ಒಂದು ಭಾನುವಾರ ಸಾಕು. ಎಲ್ಲರೂ ಒಟ್ಟಿಗೆ ಕೂತು ನಿಮ್ಮ ಹಿಂದಿನ ಆಲ್ಬಂ ಪೂರ್ತಿ ಕೇಳಿ. ಆಮೇಲೆ ಅದೇ ಹಾಡುಗಳ ಯಾವುದಾದರೂ ಲೈವ್ ರೆಕಾರ್ಡಿಂಗ್ ಕೇಳಿ. ಪ್ರೇಕ್ಷಕರು ಫೋನಿನಲ್ಲಿ ಮಾಡಿದ್ದಾದರೂ ಪರವಾಗಿಲ್ಲ. ಕೇಳುವಾಗ ಮಾತು ಬೇಡ. ಮುಗಿದ ಮೇಲೆ ಪ್ರತಿಯೊಬ್ಬರೂ ಒಂದೊಂದು ಚೀಟಿಯಲ್ಲಿ, ಒಬ್ಬರದ್ದು ಒಬ್ಬರು ನೋಡದೆ, "ಇದರಲ್ಲಿ ಏನು ಸರಿ ಇಲ್ಲ" ಅಂತ ಮೂರು ಸಾಲು ಬರೆಯಿರಿ. ಬಾಯಲ್ಲಿ ಹೇಳಿಸಬೇಡಿ. ಮೊದಲು ಮಾತಾಡಿದವರ ಅಭಿಪ್ರಾಯವೇ ಎಲ್ಲರ ಅಭಿಪ್ರಾಯ ಆಗಿಬಿಡುತ್ತದೆ.

ನಾವು ಹೀಗೆ ಮಾಡಿದಾಗ ಐದರಲ್ಲಿ ನಾಲ್ಕು ಚೀಟಿಯಲ್ಲಿ "ಹಾಡು ಉದ್ದ" ಅಂತಿತ್ತು. ಆರು ವರ್ಷದಿಂದ ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬರೆಯದಿದ್ದ ಐದನೆಯವನೇ ಆ ಹಾಡುಗಳನ್ನೆಲ್ಲ ಉದ್ದ ಮಾಡಿದ್ದವನು.

ಸಾಮಾನ್ಯವಾಗಿ ಕಾಯಿಲೆ ಮೂರು ಥರ. ಮೊದಲನೆಯದು, ಸ್ಟೇಜಿನ ಮೇಲಿನ ಬ್ಯಾಂಡು ರೆಕಾರ್ಡಿನಲ್ಲಿ ಇರುವುದಿಲ್ಲ. ಡೀಪ್ ಪರ್ಪಲ್‌ಗೆ ಇದೇ ಆಗಿತ್ತು. 2005ರ ಆಲ್ಬಂ ಆದ ಮೇಲೆ ಎಂಟು ವರ್ಷ ಹೊಸದೇನೂ ಬರಲಿಲ್ಲ. ಆಮೇಲೆ ಬಾಬ್ ಎಜ್ರಿನ್ ಬಂದರು. ಆಲಿಸ್ ಕೂಪರ್, ಕಿಸ್, ಪಿಂಕ್ ಫ್ಲಾಯ್ಡ್ ಜೊತೆ ಕೆಲಸ ಮಾಡಿದ್ದ ಹಳೇ ಹುಲಿ. ಅವರು ಮೊದಲು ಮಾಡಿದ್ದು ಬ್ಯಾಂಡಿನ ಶೋ ನೋಡಿದ್ದು. ಅಲ್ಲಿ ಐದೂ ಜನ ಒಬ್ಬರ ಕೈ ಒಬ್ಬರು ನೋಡಿಕೊಂಡು ಹಾಡನ್ನು ಎಳೆಯುವುದು, ಬೆಳೆಸುವುದು ಕಂಡರು. ರೇಡಿಯೋಗೆ ಹಿಡಿಸುವ ಚಿಕ್ಕ ಹಾಡಿನ ಚಿಂತೆ ಬಿಟ್ಟು ಸ್ಟೇಜಿನಲ್ಲಿ ಮಾಡುವುದನ್ನೇ ಮಾಡಿ ಅಂದರು. 2013ರ ಆಲ್ಬಂ ಹಾಗೆ ಬಂತು. ಆಮೇಲೆ 2017, 2020, 2021, 2024 ಎಲ್ಲದಕ್ಕೂ ಅವರೇ. ನೋಡಿ, ನಮ್ಮ ಕಾಯಿಲೆ "ಉದ್ದ", ಅವರ ಕಾಯಿಲೆ "ಗಿಡ್ಡ". ಒಬ್ಬರ ಔಷಧಿ ಇನ್ನೊಬ್ಬರಿಗೆ ಕೊಟ್ಟರೆ ಕೆಟ್ಟಿತು.

ಎರಡನೆಯದು, ಕೆಲಸ ಮುಗಿಯುವುದೇ ಇಲ್ಲ. ರೋಲಿಂಗ್ ಸ್ಟೋನ್ಸ್ 2005ರ ನಂತರ ಸ್ವಂತ ಹಾಡುಗಳ ಆಲ್ಬಂ ಬಿಟ್ಟಿದ್ದು 2023ರಲ್ಲಿ. ಹದಿನೆಂಟು ವರ್ಷ! ನಡುವೆ ರೆಕಾರ್ಡಿಂಗ್ ನಡೆದೇ ಇತ್ತು, ಯಾವುದೂ ದಡ ಸೇರಲಿಲ್ಲ. ಕೊನೆಗೆ ಹಾಡುಗಾರ ಮಿಕ್ ಜ್ಯಾಗರ್ ಗಡುವು ಹಾಕಿದರು: ಫೆಬ್ರವರಿ 14ಕ್ಕೆ ಮುಗಿಯಬೇಕು. ಪ್ರೊಡ್ಯೂಸರ್ ಆಗಿ ಬಂದಿದ್ದು ಆಂಡ್ರ್ಯೂ ವಾಟ್. 1990ರಲ್ಲಿ ಹುಟ್ಟಿದವರು, ಬ್ಯಾಂಡಿನವರ ಮೊಮ್ಮಕ್ಕಳ ವಯಸ್ಸು ಅನ್ನಿ. ಅವರ ಹೆಸರು ಹೇಳಿದ್ದು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ. ಆ ಹುಡುಗ ದಿನಕ್ಕೊಂದು ರೋಲಿಂಗ್ ಸ್ಟೋನ್ಸ್ ಟೀ ಶರ್ಟ್ ಹಾಕಿಕೊಂಡು ಸ್ಟುಡಿಯೋಗೆ ಬರುತ್ತಿದ್ದರಂತೆ. ಸುಮ್ನೆ ಶೋಕಿ ಅನಿಸಬಹುದು. ಆದರೆ ಎಂಬತ್ತರ ಹತ್ತಿರ ಬಂದವರನ್ನು "ಇನ್ನೊಂದು ಟೇಕ್" ಅಂತ ಎಬ್ಬಿಸೋಕೆ ಆ ಹುರುಪು ಬೇಕು.

ಮೂರನೆಯದು, ಬ್ಯಾಂಡಿನೊಳಗೆ ಮಾತೇ ನಿಂತುಹೋಗಿರುವುದು. ಇದಕ್ಕೆ ಪ್ರೊಡ್ಯೂಸರ್ ಸ್ವಲ್ಪ ಮಟ್ಟಿಗೆ ಮಾತ್ರ ಔಷಧಿ. ದುಡ್ಡಿನ ವಿಷಯಕ್ಕೋ ಹಕ್ಕಿನ ವಿಷಯಕ್ಕೋ ಜಗಳ ಇದ್ದರೆ ಮೊದಲು ಅದನ್ನು ಬಗೆಹರಿಸಿಕೊಳ್ಳಿ, ಆಮೇಲೆ ಸ್ಟುಡಿಯೋ ಬುಕ್ ಮಾಡಿ. ಬ್ಲ್ಯಾಕ್ ಸ್ಯಾಬತ್ 2013ರಲ್ಲಿ ತಮ್ಮ ಹಳೇ ಹಾಡುಗಾರ ಓಝಿ ಜೊತೆ ಮತ್ತೆ ಆಲ್ಬಂ ಮಾಡಿದಾಗ ಡ್ರಮ್ಮರ್ ಬಿಲ್ ವಾರ್ಡ್ ಕಾಂಟ್ರ್ಯಾಕ್ಟ್ ಒಪ್ಪದೆ ಹೊರಗುಳಿದರು. ಬೇರೆ ಬ್ಯಾಂಡಿನ ಬ್ರ್ಯಾಡ್ ವಿಲ್ಕ್ ಬಂದು ಬಾರಿಸಬೇಕಾಯಿತು. ಆಲ್ಬಂ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಒಂದನೇ ಸ್ಥಾನಕ್ಕೆ ಹೋಯಿತು, ನಿಜ. ಆದರೂ ಅಭಿಮಾನಿಗಳು ಇವತ್ತಿಗೂ ಎತ್ತುವ ಮೊದಲ ಮಾತು ಬಿಲ್ ವಾರ್ಡ್ ಇರಲಿಲ್ಲ ಅಂತಲೇ.

ಹೆಜ್ಜೆ 2: ಪ್ರೊಡ್ಯೂಸರುಗಳಲ್ಲಿ ಎಷ್ಟು ಥರ ಅಂತ ತಿಳಿಯಿರಿ

ಕೆಲವರು ಕೇಳುವವರು. ರಿಕ್ ರೂಬಿನ್ ಇದಕ್ಕೆ ಹೆಸರುವಾಸಿ. ಮಿಕ್ಸರ್ ಮುಂದೆ ಕೂತು ನಾಬ್ ತಿರುಗಿಸುವವರಲ್ಲ. ಸೋಫಾ ಮೇಲೆ ಕೂತು ಕೇಳುತ್ತಾರೆ, "ಇದು ಆಯಿತು, ಇದು ಆಗಿಲ್ಲ" ಅನ್ನುತ್ತಾರೆ. ಬ್ಲ್ಯಾಕ್ ಸ್ಯಾಬತ್ ಜೊತೆ ಶುರು ಮಾಡುವಾಗ ಅವರು ಎಲ್ಲರನ್ನೂ ಕೂರಿಸಿ ಬ್ಯಾಂಡಿನ ಮೊದಲ ಆಲ್ಬಂ ಕೇಳಿಸಿದರು. 1969ರ ಅಕ್ಟೋಬರ್‌ನಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದ ಆಲ್ಬಂ ಅದು. ಹೆವಿ ಮೆಟಲ್ ಅನ್ನೋ ಗಡಸು ರಾಕ್ ಇನ್ನೂ ಹುಟ್ಟೇ ಇಲ್ಲ ಅಂದುಕೊಂಡು ನುಡಿಸಿ ಅನ್ನುವುದು ಅವರ ಸೂಚನೆ. ಇಂಥವರು ತಮ್ಮ ದಾರಿ ಮರೆತ ಬ್ಯಾಂಡಿಗೆ ಒಳ್ಳೆಯದು. ಆದರೆ ಹತ್ತಿರ ಕೂತು "ಇಲ್ಲಿ ಈ ಗಿಟಾರ್ ಕಾರ್ಡ್ ಹಾಕೋಣ" ಅನ್ನುವ ಸಹಾಯ ನಿರೀಕ್ಷಿಸಿದರೆ ಸಿಟ್ಟು ಬರುತ್ತದೆ.

ಇನ್ನು ಕೆಲವರು ಕಟ್ಟುವವರು. ಮಟ್ ಲ್ಯಾಂಗ್ ಅಂಥವರು. ಎಸಿ ಡಿಸಿ ಬ್ಯಾಂಡಿನ 1979, 1980, 1981ರ ಮೂರು ಆಲ್ಬಂ ಅವರದು. ಒಂದೊಂದು ಕೋರಸ್ಸನ್ನೂ ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟ ಹಾಗೆ ಕಟ್ಟಿಸುತ್ತಾರೆ. ಇಂಥವರಿಗೆ ಸಮಯ ಬೇಕು, ನಿಮಗೆ ತಾಳ್ಮೆ ಬೇಕು.

ಮೂರನೇ ಥರದವರು ಇದ್ದದ್ದನ್ನು ಇದ್ದ ಹಾಗೆ ಹಿಡಿಯುವವರು. 2024ರಲ್ಲಿ ತೀರಿಕೊಂಡ ಸ್ಟೀವ್ ಆಲ್ಬಿನಿ ತಮ್ಮನ್ನು ಪ್ರೊಡ್ಯೂಸರ್ ಅಂತ ಕರೆಯುವುದನ್ನೇ ಇಷ್ಟಪಡುತ್ತಿರಲಿಲ್ಲ, ರೆಕಾರ್ಡ್ ಮಾಡಿದವರು ಅಂತ ಹಾಕಿದರೆ ಸಾಕಿತ್ತು. ಲೆಡ್ ಝೆಪ್ಲಿನ್‌ನ ಜಿಮ್ಮಿ ಪೇಜ್, ರಾಬರ್ಟ್ ಪ್ಲಾಂಟ್ ಇಬ್ಬರೂ 1998ರ ತಮ್ಮ ಆಲ್ಬಂಗೆ ಹೋಗಿದ್ದು ಇವರ ಹತ್ತಿರ. ಹಾಡು ಗಟ್ಟಿ ಇದ್ದು, ಕೈ ಪಳಗಿದ್ದರೆ ಇಂಥವರು ಸಾಕು. ಹಾಡೇ ಸಡಿಲ ಇದ್ದರೆ ಆ ಸಡಿಲವೂ ಚೆನ್ನಾಗಿ ರೆಕಾರ್ಡ್ ಆಗುತ್ತದೆ, ಅಷ್ಟೇ.

ಹೆಜ್ಜೆ 1ರ ಚೀಟಿಗಳನ್ನು ಮುಂದಿಟ್ಟುಕೊಂಡು ನಿಮಗೆ ಯಾವ ಥರದವರು ಬೇಕು ಅಂತ ಒಂದು ಸಾಲು ಬರೆಯಿರಿ. ನಮ್ಮ ನಾಲ್ಕನೇ ಆಲ್ಬಂಗೆ ಬರೆದಿದ್ದು ಇದು: "ಹಾಡು ಕತ್ತರಿಸುವ ಧೈರ್ಯ ಇರಬೇಕು, ಡ್ರಮ್ ಮುಟ್ಟಬಾರದು."

ಹೆಜ್ಜೆ 3: ಪಟ್ಟಿ ಮಾಡುವಾಗ ಹೆಸರಿನ ಹಿಂದೆ ಹೋಗಬೇಡಿ

ಐದಾರು ಹೆಸರು ಸಾಕು. ಇಷ್ಟವಾದ ಆಲ್ಬಂಗಳ ಕ್ರೆಡಿಟ್ಸ್ ಪೂರ್ತಿ ಓದಿ. ನಿಮಗೆ ಹಿಡಿಸಿದ ಆ ಡ್ರಮ್ ಸೌಂಡ್ ಪ್ರೊಡ್ಯೂಸರ್‌ದೋ, ಎಂಜಿನಿಯರ್‌ದೋ, ಮಿಕ್ಸ್ ಮಾಡಿದವರದೋ? ಎಷ್ಟೋ ಸಲ ನಿಮಗೆ ಬೇಕಿರುವುದು ಪ್ರೊಡ್ಯೂಸರ್ ಅಲ್ಲ, ಮಿಕ್ಸ್ ಎಂಜಿನಿಯರ್. ಅದು ಮೊದಲೇ ಗೊತ್ತಾದರೆ ಅರ್ಧ ಖರ್ಚು ಉಳಿಯುತ್ತದೆ.

ಮೆಟಾಲಿಕಾ 1990ರಲ್ಲಿ ಬಾಬ್ ರಾಕ್ ಹತ್ತಿರ ಹೋಗಿದ್ದು ಹೀಗೇ. ಬಾಬ್ ರಾಕ್ ಮಾಡಿದ್ದ ಮಾಟ್ಲಿ ಕ್ರೂ ಬ್ಯಾಂಡಿನ 1989ರ ಆಲ್ಬಂನ ಸೌಂಡ್ ಮೆಟಾಲಿಕಾದವರಿಗೆ ಹಿಡಿಸಿತ್ತು, ಮಿಕ್ಸಿಂಗ್ ಮಾತ್ರ ಮಾಡಿಸೋಣ ಅಂದುಕೊಂಡಿದ್ದರು. ಬಾಬ್ ರಾಕ್ ಪ್ರೊಡ್ಯೂಸರ್ ಆಗಿಯೇ ಬಂದರು. ಅಲ್ಲಿಯವರೆಗೆ ಬ್ಯಾಂಡಿನವರು ಒಬ್ಬೊಬ್ಬರೇ ಬೇರೆ ಬೇರೆಯಾಗಿ ರೆಕಾರ್ಡ್ ಮಾಡುತ್ತಿದ್ದರು. ಬಾಬ್ ರಾಕ್ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿಸಿದರು. ಸಾಹಿತ್ಯ ಇನ್ನೂ ಚೆನ್ನಾಗಿ ಬರಬೇಕು ಅಂತ ಹಾಡುಗಾರನಿಗೇ ಹೇಳಿದರು. ಎಂಟು ಒಂಬತ್ತು ತಿಂಗಳು ಕಿತ್ತಾಟ, ಮೂರು ಸಲ ಮಿಕ್ಸ್, ಸುಮಾರು 10 ಲಕ್ಷ ಡಾಲರ್ ಖರ್ಚು. 1991ರ ಆ ಕಪ್ಪು ರಟ್ಟಿನ ಆಲ್ಬಂ ಎಷ್ಟು ದೊಡ್ಡ ಹಿಟ್ ಆಯಿತು ಅಂತ ನಿಮಗೆ ಗೊತ್ತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಳೆಗೆ ಕೆಸರಾದ ನೆಲದಲ್ಲಿ ನಿಂತು ಕೂಗಿದವರಲ್ಲಿ ಮುಕ್ಕಾಲು ಜನ ಆ ಆಲ್ಬಂನಿಂದಲೇ ಮೆಟಾಲಿಕಾ ಹತ್ತಿರ ಬಂದವರು ಅನ್ನುವುದು ನನ್ನ ಅಂದಾಜು.

ಇನ್ನೊಂದು ಕಡೆ, ದೊಡ್ಡ ಬ್ಯಾಂಡು, ದೊಡ್ಡ ಪ್ರೊಡ್ಯೂಸರ್ ಸೇರಿಯೂ ಆಗದೇ ಹೋದದ್ದಿದೆ. ಯೂ ಟೂ ಬ್ಯಾಂಡು 2006ರಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ರಿಕ್ ರೂಬಿನ್ ಜೊತೆ ಕೆಲಸ ಶುರು ಮಾಡಿತು. ಎರಡು ಹಾಡು ಆ ವರ್ಷದ ಸಂಕಲನದಲ್ಲಿ ಬಂದವು. ಉಳಿದದ್ದು ಮೂಲೆಗೆ ಹೋಯಿತು, 2009ರ ಆಲ್ಬಂ ಹಳೇ ಜೊತೆಗಾರರ ಕೈಯಲ್ಲಿ ಆಯಿತು. ಕಾರಣ ಸರಳ. ರೂಬಿನ್‌ಗೆ ಹಾಡು ಪೂರ್ತಿ ಬರೆದು ಮುಗಿಸಿ ಸ್ಟುಡಿಯೋಗೆ ಬರಬೇಕು. ಯೂ ಟೂ ಹಾಡು ಬರೆಯುವುದೇ ಸ್ಟುಡಿಯೋದಲ್ಲಿ. ಇಬ್ಬರದೂ ಸರಿಯೇ, ಜೋಡಿ ಮಾತ್ರ ಸರಿ ಹೊಂದಲಿಲ್ಲ. ಪ್ರತಿಯೊಂದು ಹೆಸರಿನ ಮುಂದೆಯೂ ಅವರು ಕೆಲಸ ಮಾಡುವ ರೀತಿ ಏನು ಅಂತ ಬರೆದುಕೊಳ್ಳಿ, ಹಿಟ್ ಎಷ್ಟು ಅಂತಲ್ಲ.

ಪಟ್ಟಿಯಲ್ಲಿರುವವರ ಜೊತೆ ಕೆಲಸ ಮಾಡಿದ ಹಳೇ ಬ್ಯಾಂಡುಗಳಿಗೆ ಫೋನ್ ಮಾಡಿ. ಬೆಂಗಳೂರಿನಲ್ಲಿ ಇದು ಕಷ್ಟವಲ್ಲ, ಎಲ್ಲರಿಗೂ ಎಲ್ಲರೂ ಗೊತ್ತು. "ಹೆಂಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು ಗುರು" ಅಂದುಬಿಡುತ್ತಾರೆ. "ಜಗಳ ಆದಾಗ ಏನು ಮಾಡಿದ್ರು?" ಅಂತ ಕೇಳಿ. ನಿಜ ಹೊರಗೆ ಬರುತ್ತದೆ.

ಹೆಜ್ಜೆ 4: ಹಳಬರೋ, ಹೊಸಬರೋ?

ಮೊದಲ ಆಲ್ಬಂ ಮಾಡಿದ ಅಣ್ಣನ ಹತ್ತಿರವೇ ವಾಪಸ್ ಹೋಗೋಣ ಅನ್ನುವ ಆಸೆ ಎಲ್ಲ ಹಳೇ ಬ್ಯಾಂಡಿಗೂ ಇರುತ್ತದೆ. ಜೂಡಸ್ ಪ್ರೀಸ್ಟ್ 2018ರಲ್ಲಿ ಚಂದದ ಉಪಾಯ ಮಾಡಿತು. 1980ರ ದಶಕದ ತಮ್ಮ ಆಲ್ಬಂಗಳನ್ನು ಮಾಡಿದ ಟಾಮ್ ಆಲಮ್ ಮತ್ತು ಹೊಸ ಪೀಳಿಗೆಯ ಆಂಡಿ ಸ್ನೀಪ್ ಇಬ್ಬರನ್ನೂ ಒಟ್ಟಿಗೆ ಕರೆಯಿತು. ಟಾಮ್ ಆಲಮ್ 1980ರಲ್ಲಿ ಸ್ಯಾಂಪಲ್ ಇಲ್ಲದ ಕಾಲದಲ್ಲಿ ಗಾಜು ಒಡೆಯುವ ಸದ್ದಿಗೆ ಹಾಲಿನ ಬಾಟಲಿ ಒಡೆಸಿದ್ದವರು. ಸ್ನೀಪ್‌ಗೆ ಇವತ್ತಿನ ಮೆಟಲ್ ಸೌಂಡ್ ಕೈಬೆರಳ ತುದಿಯಲ್ಲಿ. ಒಬ್ಬರು ಬ್ಯಾಂಡು ಒಟ್ಟಿಗೆ ನುಡಿಸಲಿ ಅಂದರು, ಇನ್ನೊಬ್ಬರು ಅದನ್ನು ಹರಿತವಾಗಿ ಹಿಡಿದರು. ಆ ಆಲ್ಬಂಗೆ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಐದನೇ ಸ್ಥಾನ. ಗಿಟಾರಿಸ್ಟ್ ಗ್ಲೆನ್ ಟಿಪ್ಟನ್ ಪಾರ್ಕಿನ್ಸನ್ಸ್ ಕಾಯಿಲೆಯಿಂದಾಗಿ ಟೂರಿಗೆ ಹೋಗಲಾಗದೇ ಇದ್ದಾಗ ಸ್ಟೇಜಿನಲ್ಲಿ ಗಿಟಾರ್ ಹಿಡಿದು ನಿಂತಿದ್ದೂ ಇದೇ ಸ್ನೀಪ್.

ಐರನ್ ಮೇಡನ್ ಬೇರೆ ದಾರಿ ಹಿಡಿದಿದ್ದು. 1981ರಿಂದ 1992ರವರೆಗೆ ಅವರ ಪ್ರೊಡ್ಯೂಸರ್ ಮಾರ್ಟಿನ್ ಬರ್ಚ್. ಅವರು ನಿವೃತ್ತರಾದ ಮೇಲೆ ಬಾಸ್ ನುಡಿಸುವ ಸ್ಟೀವ್ ಹ್ಯಾರಿಸ್ ತಮ್ಮದೇ ಸ್ಟುಡಿಯೋದಲ್ಲಿ, ತಾವೂ ಪ್ರೊಡ್ಯೂಸರ್ ಆಗಿ ಕೂತು ಎರಡು ಆಲ್ಬಂ ಮಾಡಿದರು. ನನಗೆ ಆ ಎರಡರ ಸೌಂಡೂ ಒಣ ಅನಿಸುತ್ತದೆ. ನಾನೂ ಬಾಸ್ ನುಡಿಸುವವನೇ, ಆದ್ದರಿಂದ ಹೇಳುವ ಹಕ್ಕಿದೆ: ಬ್ಯಾಂಡಿನ ಯಜಮಾನನೇ ಪ್ರೊಡ್ಯೂಸರ್ ಆದರೆ ಅವನಿಗೆ "ಬೇಡ" ಅನ್ನುವವರು ಯಾರು? 2000ದಲ್ಲಿ ಕೆವಿನ್ ಶರ್ಲಿ ಬಂದರು, ಎಲ್ಲರನ್ನೂ ಒಟ್ಟಿಗೆ ನುಡಿಸಿಸಿ ರೆಕಾರ್ಡ್ ಮಾಡಿದರು. 2021ರ ಆಲ್ಬಂವರೆಗೂ ಅವರೇ.

ಹೆಜ್ಜೆ 5: ಡೆಮೊ ಕಳಿಸಿ, ಮಾತಾಡಿ

ಡೆಮೊ, ಅಂದರೆ ಹಾಡಿನ ಕಚ್ಚಾ ಮಾದರಿ, ಚೆಂದ ಮಾಡಬೇಡಿ. ಪ್ರಾಕ್ಟೀಸ್ ಮಾಡುವ ಜ್ಯಾಮ್ ರೂಮಿನಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿದ್ದೇ ಸಾಕು. ಪಾಲಿಶ್ ಮಾಡಿದ ಡೆಮೊ ಕೇಳಿದರೆ ಒಳ್ಳೆ ಪ್ರೊಡ್ಯೂಸರಿಗೂ ಎಲ್ಲಿ ಕೈ ಹಾಕಬೇಕು ಅಂತ ತಿಳಿಯುವುದಿಲ್ಲ. ನಾಲ್ಕೈದು ಹಾಡು ಕಳಿಸಿ. ಅದರಲ್ಲಿ ಒಂದು ನಿಮಗೇ ಸರಿ ಇಲ್ಲ ಅನಿಸುವ ಹಾಡಿರಲಿ, ಯಾವುದು ಅಂತ ಹೇಳಬೇಡಿ. ಅವರು ಅದನ್ನು ಹಿಡಿಯುತ್ತಾರಾ ನೋಡಿ.

ಆಮೇಲೆ ಭೇಟಿ. ಎಲ್ಲರೂ ಹೋಗಿ, ಯಜಮಾನ ಒಬ್ಬನೇ ಅಲ್ಲ. ಕೇಳಬೇಕಾದದ್ದು ಇಷ್ಟೇ:

- ಈ ಐದರಲ್ಲಿ ಯಾವ ಹಾಡು ತೆಗೆದುಹಾಕ್ತೀರಿ? "ಎಲ್ಲಾ ಸೂಪರ್" ಅಂದರೆ ಕಾಫಿ ಕುಡಿದು ಎದ್ದು ಬನ್ನಿ.
- ರೆಕಾರ್ಡಿಂಗ್ ದಿನ ನೀವೇ ಇರ್ತೀರಾ, ನಿಮ್ಮ ಅಸಿಸ್ಟೆಂಟಾ?
- ಕ್ಲಿಕ್ ಟ್ರ್ಯಾಕ್ (ತಾಳ ತಪ್ಪದಿರಲಿ ಅಂತ ಕಿವಿಯಲ್ಲಿ ಕೇಳಿಸುವ ಟಿಕ್ ಟಿಕ್) ಕಡ್ಡಾಯವಾ? ಡ್ರಮ್ ಎಡಿಟ್ ಎಷ್ಟು ಮಾಡ್ತೀರಿ?
- ನಮ್ಮ ಹಾಡುಗಾರನ ದನಿ ಬಗ್ಗೆ ಏನನ್ಸುತ್ತೆ?

ಕೊನೆಯ ಪ್ರಶ್ನೆ ಮುಖ್ಯ. ಇಪ್ಪತ್ತೈದರಲ್ಲಿ ಎಟುಕುತ್ತಿದ್ದ ಸ್ವರ ಐವತ್ತರಲ್ಲಿ ಎಟುಕದು. ಮೆಟಾಲಿಕಾದಂಥವರೂ ಸ್ಟೇಜಿನಲ್ಲಿ ಗಿಟಾರಿನ ಶ್ರುತಿ ಅರ್ಧ ಸ್ವರ ಇಳಿಸಿಯೇ ನುಡಿಸುವುದು. ಇದನ್ನು ಮರ್ಯಾದೆ ಕೆಡದ ಹಾಗೆ ಹೇಳಬಲ್ಲವರು ಬೇಕು. ನಮಗೆ ಸಿಕ್ಕವರು ಹಾಡುಗಾರನಿಗೆ, "ಸಾರ್, ಕೆಳಗಿನ ದನಿಯಲ್ಲಿ ನಿಮಗೆ ಈಗ ಒಂದು ತೂಕ ಬಂದಿದೆ, ಅಲ್ಲೇ ಬರೆಯೋಣ" ಅಂದಿದ್ದರು. ಅವನು ಮರುದಿನವೇ ಎರಡು ಹಾಡಿನ ಶ್ರುತಿ ಇಳಿಸಿಕೊಂಡು ಬಂದ. ನಾವು ಅದೇ ಮಾತು ಮೂರು ವರ್ಷದಿಂದ ಹೇಗೆ ಹೇಳೋದು ಅಂತ ಒದ್ದಾಡುತ್ತಿದ್ದೆವು.

ಹೆಜ್ಜೆ 6: ಒಂದು ಹಾಡು ಮಾಡಿಸಿ ನೋಡಿ

ಪೂರ್ತಿ ಆಲ್ಬಂಗೆ ಕೈ ಕೊಡುವ ಮೊದಲು ಒಂದು ಹಾಡು, ಎರಡು ದಿನ, ಪೂರ್ತಿ ದುಡ್ಡು ಕೊಟ್ಟು. ಬಿಟ್ಟಿ ಮಾಡಿಸಿಕೊಳ್ಳಬೇಡಿ, ಬಿಟ್ಟಿ ಕೆಲಸದಲ್ಲಿ ಯಾರೂ ಜಗಳ ಆಡುವುದಿಲ್ಲ. ನಿಮಗೆ ನೋಡಬೇಕಿರುವುದು ಜಗಳವನ್ನೇ.

ನಮ್ಮ ಟ್ರಯಲ್ ದಿನದ ಕಥೆ ಹೇಳುತ್ತೇನೆ. ಪ್ರೊಡ್ಯೂಸರ್ ಮೂವತ್ತೊಂದು ವರ್ಷದ ಹೆಣ್ಣುಮಗಳು. ಹಾಡು ಆರು ನಿಮಿಷ ಹತ್ತು ಸೆಕೆಂಡ್. ಒಂದು ಸಲ ಪೂರ್ತಿ ಕೇಳಿದರು. ಆಮೇಲೆ ಗಿಟಾರಿಸ್ಟ್ ಕಡೆ ತಿರುಗಿ, "ಸಾರ್, ಈ ಎರಡನೇ ಸೋಲೋ ಯಾಕಿದೆ?" ಅಂದರು.

ರೂಮಿನಲ್ಲಿ ಎಸಿ ಸದ್ದು ಮಾತ್ರ. ಅವನು ಗಿಟಾರ್ ಮೀಟುವ ಪ್ಲೆಕ್ಟ್ರಮ್ ತಿರುಗಿಸುತ್ತಾ, "ನಮ್ ಹಾಡಲ್ಲಿ ಯಾವಾಗ್ಲೂ ಇರುತ್ತೆ" ಅಂದ.

"ಒಂದ್ಸಲ ಬಿಟ್ಟು ನುಡಿಸಿ ನೋಡೋಣ. ಸರಿ ಬರ್ಲಿಲ್ಲ ಅಂದ್ರೆ ವಾಪಸ್ ಹಾಕೋಣ."

ನುಡಿಸಿದೆವು. ಸೋಲೋ ಇದ್ದ ಜಾಗದಲ್ಲಿ ಬಾಸ್ ಮತ್ತು ಡ್ರಮ್ ಮಾತ್ರ ಉಳಿದವು, ಆಮೇಲೆ ಕೊನೆಯ ಕೋರಸ್ ದಢಾರನೆ ಬಂತು. ಹಾಡು ನಾಲ್ಕು ನಿಮಿಷ ನಲವತ್ತಕ್ಕೆ ಮುಗಿಯಿತು. ಗಿಟಾರಿಸ್ಟ್ ಏನೂ ಹೇಳಲಿಲ್ಲ. ಆಂಪ್ಲಿಫೈಯರ್ ಹತ್ತಿರ ಹೋಗಿ ಸುಮ್ಮನೆ ನಾಬ್ ಮುಟ್ಟಿ ಬಂದು, "ಇನ್ನೊಂದ್ಸಲ ಹೀಗೇ ತಗೊಳ್ಳೋಣ" ಅಂದ.

ಮಧ್ಯಾಹ್ನ ಸರದಿ ಅವರದ್ದೇ ಆಯಿತು. ಕ್ಲಿಕ್ ಹಾಕೋಣ ಅಂದರು, ಡ್ರಮ್ಮರ್ ಆಗಲ್ಲ ಅಂದ. ಅವರು ವಾದ ಮಾಡಲಿಲ್ಲ. ಕ್ಲಿಕ್ ಇಲ್ಲದೇ ಒಂದು, ಇದ್ದು ಒಂದು ತೆಗೆದು, ಎರಡನ್ನೂ ಕೇಳಿಸಿದರು. "ಕೋರಸ್‌ನಲ್ಲಿ ನೀವು ಸ್ವಲ್ಪ ಓಡ್ತೀರಿ. ಆ ಓಟ ಚೆನ್ನಾಗಿದೆ, ಇಟ್ಕೊಳ್ಳೋಣ" ಅಂದರು. ಡ್ರಮ್ಮರ್ ನನ್ನ ಕಡೆ ನೋಡಿದ. ಅಲ್ಲಿಗೆ ನಮ್ಮ ಹುಡುಕಾಟ ಮುಗಿಯಿತು.

ಟ್ರಯಲ್‌ನಲ್ಲಿ ಕೊನೆಗೆ ಬಂದ ಸೌಂಡಿಗಿಂತ ಈ ಎರಡನ್ನು ಗಮನಿಸಿ. ಅವರು "ಬೇಡ" ಅಂದಾಗ ನೀವು ಕೇಳಿದಿರಾ? ನೀವು "ಬೇಡ" ಅಂದಾಗ ಅವರು ಕೇಳಿದರಾ?

ಹೆಜ್ಜೆ 7: ದುಡ್ಡು ಮತ್ತು ಕಾಗದ

ಅಮೆರಿಕದಲ್ಲಿ ಪ್ರೊಡ್ಯೂಸರಿಗೆ ಮುಂಗಡದ ಜೊತೆ ಮಾರಾಟದಲ್ಲಿ ಸಾಮಾನ್ಯವಾಗಿ ಶೇ. 3ರಿಂದ 4ರಷ್ಟು ಪಾಲು ಇರುತ್ತದೆ. ಆಲ್ಬಿನಿ ಮಾತ್ರ ಪಾಲು ಮುಟ್ಟುತ್ತಿರಲಿಲ್ಲ, ನಲ್ಲಿ ರಿಪೇರಿ ಮಾಡುವವರ ಥರ ಮಾಡಿದ ಕೆಲಸಕ್ಕೆ ದುಡ್ಡು ಕೊಟ್ಟರೆ ಸಾಕು ಅನ್ನುವವರು. ನಮ್ಮಲ್ಲಿ ಸ್ವತಂತ್ರ ಬ್ಯಾಂಡುಗಳು ಹಾಡಿಗಿಷ್ಟು ಅಂತಲೋ ಆಲ್ಬಂಗಿಷ್ಟು ಅಂತಲೋ ಮಾತಾಡಿಕೊಳ್ಳುವುದೇ ಜಾಸ್ತಿ. ಮೂರು ಕಂತು ಮಾಡಿ: ಶುರುವಿಗೆ ಒಂದು, ರೆಕಾರ್ಡಿಂಗ್ ಮುಗಿದಾಗ ಒಂದು, ಕೊನೆಯ ಮಿಕ್ಸ್ ಒಪ್ಪಿದಾಗ ಒಂದು. ಮಿಕ್ಸ್ ಎಷ್ಟು ಸಲ ತಿದ್ದಿಕೊಡುತ್ತಾರೆ ಅನ್ನುವುದನ್ನೂ ಬರೆಸಿ.

ಇನ್ನು ಕಾಗದ. ಇಲ್ಲಿ ಒಂದು ಗುಂಡಿ ಇದೆ, ನಮ್ಮ ಬ್ಯಾಂಡುಗಳು ನೋಡದೇ ಬೀಳುತ್ತವೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಕರ್ತೃ ಅಂದರೆ ಅದರ "ಪ್ರೊಡ್ಯೂಸರ್". ಕಾಯ್ದೆಯಲ್ಲಿ ಆ ಪದಕ್ಕೆ ಅರ್ಥ, ಮುದ್ರಣ ಮಾಡಿಸಲು ಮುಂದಾಗಿ ಜವಾಬ್ದಾರಿ ಹೊತ್ತವರು. ಅಂದರೆ ಖರ್ಚು ಹಾಕಿ ಮಾಡಿಸಿದ ನೀವು ಅಥವಾ ನಿಮ್ಮ ಕಂಪನಿ. ಆದರೆ ಆಲ್ಬಂ ಮೇಲೆ "ಪ್ರೊಡ್ಯೂಸರ್" ಅಂತ ಅಚ್ಚಾಗುವುದು ಇನ್ನೊಬ್ಬರ ಹೆಸರು. ನಾಳೆ ಹಾಡು ಯಾವುದೋ ಸಿನಿಮಾಗೆ ಬೇಕು ಅಂತ ಯಾರಾದರೂ ಬಂದರೆ ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಣ, ಯಾರದ್ದು ಅನ್ನುವ ತಕರಾರು ಶುರು. "ಈ ಧ್ವನಿಮುದ್ರಣದ ಹಕ್ಕು ಬ್ಯಾಂಡಿನದು, ಸಂಗೀತ ಪ್ರೊಡ್ಯೂಸರ್ ಅನ್ನುವುದು ಕ್ರೆಡಿಟ್ ಮಾತ್ರ" ಅಂತ ಒಂದು ಸಾಲು ಬರೆಸಿ, ಇಬ್ಬರೂ ಸಹಿ ಹಾಕಿ. ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ. ನಿಮ್ಮ ಮಕ್ಕಳ ಕಾಲಕ್ಕೂ ಬರುವ ವಿಷಯ, ವಕೀಲರಿಗೆ ಒಂದು ಸಲ ತೋರಿಸಿ.

ಹಾಡಿನ ರಚನೆಯಲ್ಲಿ ಪಾಲು ಇನ್ನೊಂದು ವಿಷಯ. ಪ್ರೊಡ್ಯೂಸರ್ ಒಂದು ಕೋರಸ್ ರಾಗ ಹೇಳಿಕೊಟ್ಟರೆ ಅವರೂ ರಚನಕಾರರಾ? ಕೆಲವರು ಹೌದು ಅನ್ನುತ್ತಾರೆ. ರೋಲಿಂಗ್ ಸ್ಟೋನ್ಸ್‌ನ 2023ರ ಆಲ್ಬಂನಲ್ಲಿ ಮೂರು ಹಾಡಿಗೆ ಬ್ಯಾಂಡಿನ ಜ್ಯಾಗರ್, ರಿಚರ್ಡ್ಸ್ ಜೊತೆ ಪ್ರೊಡ್ಯೂಸರ್ ವಾಟ್ ಹೆಸರೂ ಇದೆ. ಅಷ್ಟು ದೊಡ್ಡವರು ಕೊಟ್ಟಿದ್ದಾರೆ, ನೀವು ಕೊಟ್ಟರೆ ಸಣ್ಣವರಾಗುವುದಿಲ್ಲ. ಆದರೆ ಮೊದಲೇ ಮಾತಾಡಿ. ಹಾಡು ಹಿಟ್ ಆದ ಮೇಲೆ ಮಾತಾಡುವುದು ಕಷ್ಟ.

ಹೆಜ್ಜೆ 8: ಎಷ್ಟು ಜೋರು ಅಂತ ಮೊದಲೇ ಒಪ್ಪಿಕೊಳ್ಳಿ

ಚಿಕ್ಕ ವಿಷಯ ಅನಿಸುತ್ತದೆ, ಆದರೆ ಚಿಕ್ಕದಲ್ಲ. ಮೆಟಾಲಿಕಾದ 2008ರ ಆಲ್ಬಂ ಎಷ್ಟು ಜೋರಾಗಿ ಒತ್ತಿ ಮಾಡಿದ್ದರು ಅಂದರೆ ಡ್ರಮ್ ಏಟು ಒಡೆದು ಕರಕರ ಅನ್ನುತ್ತಿತ್ತು. ಅದೇ ಹಾಡುಗಳು ಗಿಟಾರ್ ಹೀರೋ ಅನ್ನುವ ವಿಡಿಯೋ ಗೇಮಿನಲ್ಲಿ ಚೆನ್ನಾಗಿ ಕೇಳಿಸುತ್ತವೆ ಅಂತ ಅಭಿಮಾನಿಗಳು ಕಂಡುಹಿಡಿದರು. ಸಾವಿರಾರು ಜನ ಮರುಮಿಕ್ಸ್ ಮಾಡಿ ಅಂತ ಸಹಿ ಹಾಕಿದರು. ತಮ್ಮ ಕೈಗೆ ಬರುವಾಗಲೇ ಹಾಗಿತ್ತು ಅಂದರು ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್.

ಈಗ ಅಷ್ಟು ಒತ್ತುವ ಅಗತ್ಯವೂ ಇಲ್ಲ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಎಲ್ಲ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದು ಎಷ್ಟು ಜೋರು ಅಂತ ಅಳೆಯುವ ಮಾನ) ಆಸುಪಾಸಿಗೆ ತಂದೇ ಕೇಳಿಸುತ್ತದೆ. ನೀವು ಜೋರು ಮಾಡಿದರೆ ಅವರು ಇಳಿಸುತ್ತಾರೆ, ಒಡೆದದ್ದು ಮಾತ್ರ ಒಡೆದೇ ಇರುತ್ತದೆ. ಪ್ರೊಡ್ಯೂಸರ್ ಜೊತೆ ಒಂದು ಮಾದರಿ ಆಲ್ಬಂ ಗುರುತಿಸಿ, "ಇದಕ್ಕಿಂತ ಒತ್ತಬೇಡಿ" ಅಂತ ಹೇಳಿಡಿ.

ಹೆಜ್ಜೆ 9: ನಡುವೆ ಸರಿ ಹೋಗಲಿಲ್ಲ ಅಂದರೆ

ನಿಲ್ಲಿಸಿ. ಎಸಿ ಡಿಸಿ 1979ರಲ್ಲಿ ಮೊದಲು ಕೆಲಸ ಶುರು ಮಾಡಿದ್ದು ಎಡ್ಡಿ ಕ್ರೇಮರ್ ಜೊತೆ. ಜಿಮಿ ಹೆಂಡ್ರಿಕ್ಸ್, ಲೆಡ್ ಝೆಪ್ಲಿನ್ ರೆಕಾರ್ಡ್ ಮಾಡಿದ ಎಂಜಿನಿಯರ್, ಅದಕ್ಕಿಂತ ದೊಡ್ಡ ಹೆಸರು ಬೇಕಾ? ಆದರೂ ಹೊಂದಲಿಲ್ಲ. ಬಿಟ್ಟರು, ಮಟ್ ಲ್ಯಾಂಗ್ ಹತ್ತಿರ ಹೋದರು. ಆವರೆಗೆ ಆದ ಕೆಲಸಕ್ಕೆ ಲೆಕ್ಕ ಹಾಕಿ ಕೊಟ್ಟು, ಕೈ ಮುಗಿದು ಎದ್ದು ಬರುವ ದಾರಿ ನಿಮ್ಮ ಒಪ್ಪಂದದಲ್ಲೂ ಇರಲಿ.

ಹೇಗೇ ಮುಗಿದರೂ ಒಂದನ್ನು ಬಿಡಬೇಡಿ. ಕೊನೆಯ ಕಂತು ಕೊಡುವ ಮುಂಚೆ ರೆಕಾರ್ಡಿಂಗ್‌ನ ಎಲ್ಲ ಟ್ರ್ಯಾಕುಗಳನ್ನು, ಎಡಿಟ್ ಮಾಡದ ಕಚ್ಚಾ ಟ್ರ್ಯಾಕ್ ಸಮೇತ, ಹಾರ್ಡ್ ಡಿಸ್ಕಿಗೆ ಹಾಕಿಸಿಕೊಳ್ಳಿ. ಎರಡು ಪ್ರತಿ, ಎರಡು ಮನೆಯಲ್ಲಿ. ರಷ್ ಬ್ಯಾಂಡಿನ 2002ರ ಆಲ್ಬಂ ಕೂಡ ಹೀಗೇ ಒತ್ತಿ ಒಡೆದುಹೋಗಿತ್ತು. ಟ್ರ್ಯಾಕುಗಳು ಕೈಯಲ್ಲಿದ್ದವು, 2013ರಲ್ಲಿ ಪೂರ್ತಿ ಮರುಮಿಕ್ಸ್ ಮಾಡಿ ಬಿಟ್ಟರು.

ನಮ್ಮ ಮೂರನೇ ಆಲ್ಬಂನ ಕಚ್ಚಾ ಟ್ರ್ಯಾಕು ನಮಗೆ ಸಿಕ್ಕಿದ್ದು ನಾಲ್ಕು ವರ್ಷ ಬಿಟ್ಟು, ಹನ್ನೊಂದು ಫೋನ್ ಕಾಲ್ ಆದ ಮೇಲೆ. ಸ್ಯಾಂಪಲ್‌ಗಳ ಕೆಳಗೆ ಡ್ರಮ್ಮರ್ ಬಾರಿಸಿದ್ದು ಹಾಗೇ ಇತ್ತು. ಈಗಿನ ಪ್ರೊಡ್ಯೂಸರ್ ಸದ್ಯಕ್ಕೆ ಎರಡು ಹಾಡು ಮರುಮಿಕ್ಸ್ ಮಾಡಿದ್ದಾರೆ. ಮೊದಲನೆಯದರಲ್ಲಿ ಎರಡನೇ ಕೋರಸ್‌ಗೆ ಮುಂಚೆ ಡ್ರಮ್ಮರ್ ಕೋಲು ಜಾರಿ ಡ್ರಮ್ಮಿನ ಅಂಚಿಗೆ ತಾಗಿದ ಟಕ್ ಸದ್ದು ಕೇಳಿಸುತ್ತದೆ. ತೆಗೆಯಲಾ ಅಂತ ಅವರು ಕೇಳಿದರು. ಬೇಡ ಅಂದೆವು.